ಶಸ್ತ್ರಚಿಕಿತ್ಸೆ ಮತ್ತು ಪೋಷಣೆ

ಶಸ್ತ್ರಕ್ರಿಯೆಗೆ ಮುಂಚಿನ ವಾರಗಳಲ್ಲಿ, ಅದರ ಹಿಂದುಮುಂದಿನ ದಿನಗಳಲ್ಲಿ ಹಾಗೂ ಮನೆಗೆ ಮರಳಿದ ಮೇಲಿನ ತಿಂಗಳುಗಳಲ್ಲಿ ರೋಗಿಗೆ ದೊರೆಯುವ ಆಹಾರವು ಗಾಯ ಮಾಯುವ ಬಗೆ, ಸೋಂಕು ತಗುಲುವ ಸಾಧ್ಯತೆ, ಮೈಬಲ ಮರಳುವ ವೇಗ ಇವು ಮೂರನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಒಂದೇ ಬಗೆಯ ರೋಗಕ್ಕೆ, ಒಬ್ಬನೇ ವೈದ್ಯನಿಂದ, ಒಂದೇ ವಿಧಾನದ ಶಸ್ತ್ರಚಿಕಿತ್ಸೆ ಪಡೆದ ಇಬ್ಬರಲ್ಲಿ ಒಬ್ಬರು ವಾರದೊಳಗೆ ಮನೆಗೆ ಹೋಗಿ ಇನ್ನೊಬ್ಬರು ಕೀವುಗಟ್ಟಿದ ಹೊಲಿಗೆಯೊಂದಿಗೆ ತಿಂಗಳುಗಟ್ಟಲೆ ನರಳುವುದಕ್ಕೆ ಹಲವು ಕಾರಣಗಳಿರಬಹುದಾದರೂ, ಅವುಗಳಲ್ಲಿ ಅಪೌಷ್ಟಿಕತೆಯಷ್ಟು ಸುಲಭವಾಗಿ ಗುರುತಿಸಬಹುದಾದ ಮತ್ತು ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದಾದ ಕಾರಣಗಳು ಹೆಚ್ಚಿಲ್ಲ. ಹೀಗಿದ್ದೂ ಆಹಾರವನ್ನು ಚಿಕಿತ್ಸೆಯ ಅಂಗವಾಗಿ ಕಾಣುವ ದೃಷ್ಟಿ ಆಧುನಿಕ ಶಸ್ತ್ರವೈದ್ಯದಲ್ಲಿ ಬೇರೂರಿದ್ದು ತೀರ ತಡವಾಗಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಅಧ್ಯಯನದ ಹಿನ್ನೆಲೆ

ಗಾಯಕ್ಕೂ ಊಟಕ್ಕೂ ಇರುವ ನಂಟನ್ನು ಪ್ರಾಚೀನರು ಅರಿತಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ವ್ರಣಿತೋಪಾಸನೀಯ ಎಂಬ ಹತ್ತೊಂಬತ್ತನೆಯ ಅಧ್ಯಾಯವು ಗಾಯಗೊಂಡವನ ಆರೈಕೆಗೇ ಮೀಸಲಾಗಿದೆ. ಹೊಸ ಧಾನ್ಯ, ಉದ್ದು, ಎಳ್ಳು, ಒಣಮಾಂಸ ಮುಂತಾದವನ್ನು ವರ್ಜಿಸಬೇಕೆಂದು ಹೇಳುವ ಆ ಅಧ್ಯಾಯವೇ ಹಳೆಯ ಅಕ್ಕಿಯ ಬಿಸಿ ಅನ್ನ, ತುಪ್ಪ, ಹೆಸರು, ದಾಳಿಂಬೆ, ನೆಲ್ಲಿ, ಕಾಡುಪ್ರಾಣಿಗಳ ಮಾಂಸರಸ ಇವನ್ನು ಗಾಯಾಳುವಿಗೆ ಕೊಡಬೇಕೆಂದೂ ವಿಧಿಸುತ್ತದೆ. ಅಂದರೆ ಅಲ್ಲಿನ ಪಥ್ಯವು ಬಿಡುವುದರ ಪಟ್ಟಿ ಮಾತ್ರವಲ್ಲ, ಉಣ್ಣಿಸುವುದರ ಪಟ್ಟಿಯೂ ಹೌದು.

ಯುರೋಪಿನಲ್ಲಿ ಇದೇ ನಂಟು ಸಮುದ್ರಯಾನದ ದುರಂತಗಳಿಂದ ಕಣ್ಣಿಗೆ ಬಿತ್ತು. 1740ರಿಂದ 1744ರವರೆಗೆ ಜಾರ್ಜ್ ಆನ್ಸನ್ನನ ನೇತೃತ್ವದಲ್ಲಿ ಜಗತ್ತನ್ನು ಸುತ್ತಿದ ಬ್ರಿಟಿಷ್ ನೌಕಾಯಾತ್ರೆಯಲ್ಲಿ ತಾಜಾ ಹಣ್ಣು ತರಕಾರಿಗಳಿಲ್ಲದೆ ಸ್ಕರ್ವಿ ರೋಗಕ್ಕೆ ತುತ್ತಾದ ನಾವಿಕರಲ್ಲಿ, ಐವತ್ತು ವರ್ಷಗಳ ಹಿಂದೆ ಬಾಯ್ನ್ ಕದನದಲ್ಲಿ ಗಾಯಗೊಂಡು ಪೂರ್ತಿ ಗುಣವಾಗಿದ್ದ ಮುದಿ ಸೈನಿಕನೊಬ್ಬನ ಗಾಯಗಳು ಮತ್ತೆ ಬಾಯಿಬಿಟ್ಟವೆಂದು ಯಾತ್ರೆಯ ವೃತ್ತಾಂತದಲ್ಲಿ ದಾಖಲಾಗಿದೆ. ಮಾದ ಗಾಯದ ಕಲೆಯೂ ಜೀವಂತ ಅಂಗಾಂಶವೇ ಆಗಿದ್ದು ಅದರ ದುರಸ್ತಿ ಬದುಕಿರುವಷ್ಟು ಕಾಲವೂ ನಡೆಯುತ್ತಿರಬೇಕೆಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷ್ಯ ಸಿಗುವುದು ಕಷ್ಟ.

ಸಂಖ್ಯೆಗಳ ಆಧಾರವುಳ್ಳ ಮೊದಲ ಮಹತ್ತ್ವದ ಅಧ್ಯಯನ 1936ರದು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಶಸ್ತ್ರವೈದ್ಯ ಹೈರಮ್ ಸ್ಟಡ್ಲಿ, ಜಠರದ ಹುಣ್ಣಿಗೆ ಶಸ್ತ್ರಚಿಕಿತ್ಸೆ ಪಡೆದ 46 ರೋಗಿಗಳ ವಿವರಗಳನ್ನು ಪರಿಶೀಲಿಸಿ, ಶಸ್ತ್ರಕ್ರಿಯೆಗೆ ಮುನ್ನ ತಮ್ಮ ತೂಕದ ಶೇ. 20ಕ್ಕಿಂತ ಹೆಚ್ಚನ್ನು ಕಳೆದುಕೊಂಡಿದ್ದವರಲ್ಲಿ ಮೂರರಲ್ಲೊಬ್ಬರು ಸತ್ತರೆಂದೂ ಅಷ್ಟು ತೂಕ ಕಳೆದುಕೊಳ್ಳದವರಲ್ಲಿ ಸಾವಿನ ಪ್ರಮಾಣ ಶೇ. 3.5ರಷ್ಟೇ ಇತ್ತೆಂದೂ ತೋರಿಸಿದ. ವಯಸ್ಸು, ಹೃದಯದ ಸ್ಥಿತಿ, ಶಸ್ತ್ರಕ್ರಿಯೆಯ ಬಗೆ ಇವು ಯಾವುವೂ ಈ ಅಂತರವನ್ನು ವಿವರಿಸುವಂತಿರಲಿಲ್ಲ. ತೂಗುವ ಯಂತ್ರವೊಂದರ ಹೊರತು ಬೇರೇನೂ ಬೇಡದ ಈ ಪರೀಕ್ಷೆ ಇಂದಿಗೂ ತನ್ನ ಬೆಲೆಯನ್ನು ಕಳೆದುಕೊಂಡಿಲ್ಲ. ಸುಮಾರು ಇದೇ ಕಾಲದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡೇವಿಡ್ ಕಥ್‌ಬರ್ಟ್‌ಸನ್, ಕಾಲಿನ ಮೂಳೆ ಮುರಿದು ಮಲಗಿದವರ ಮೂತ್ರದಲ್ಲಿ ಸಾರಜನಕವು ನಿರೀಕ್ಷೆ ಮೀರಿ ಹೊರಹೋಗುತ್ತಿರುವುದನ್ನು ಕಂಡುಕೊಂಡ. ದೇಹದ ಸಾರಜನಕದ ಬಹುಪಾಲು ಪ್ರೋಟೀನಿನಲ್ಲಿ ಅಡಗಿರುವುದರಿಂದ, ಮೂಳೆ ಮುರಿದದ್ದು ಒಂದು ಕಡೆಯಾದರೂ ಮೈಯೆಲ್ಲದರ ಸ್ನಾಯು ಕರಗುತ್ತಿತ್ತೆಂಬುದು ಇದರ ಅರ್ಥ.

ರೋಗಿಗೆ ತಿನ್ನಲು ಸಾಧ್ಯವೇ ಇಲ್ಲದಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ದೊರೆತದ್ದು 1960ರ ದಶಕದಲ್ಲಿ. ಸ್ವೀಡನ್ನಿನ ಆರ್ವಿಡ್ ರೆಟ್ಲಿಂಡ್ ಸೋಯಾ ಎಣ್ಣೆಯನ್ನು ಮೊಟ್ಟೆಯ ಫಾಸ್ಫೊಲಿಪಿಡ್‌ಗಳೊಂದಿಗೆ ಬೆರೆಸಿ ರಕ್ತನಾಳಕ್ಕೆ ಸುರಕ್ಷಿತವಾಗಿ ಹರಿಸಬಹುದಾದ ಕೊಬ್ಬಿನ ದ್ರಾವಣವನ್ನು ರೂಪಿಸಿದರೆ, ಫಿಲಡೆಲ್ಫಿಯಾದ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಬೀಗಲ್ ತಳಿಯ ನಾಯಿಮರಿಗಳನ್ನು ಕೇವಲ ರಕ್ತನಾಳದ ಮೂಲಕ ಪೋಷಿಸಿ ಬೆಳೆಸಿ, ಬಳಿಕ ಕರುಳೇ ಸರಿಯಾಗಿ ರೂಪುಗೊಳ್ಳದೆ ಹುಟ್ಟಿದ ಶಿಶುವೊಂದಕ್ಕೆ ಅದೇ ವಿಧಾನವನ್ನು ಬಳಸಿ, 1968ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಇಷ್ಟಾದರೂ ಸಾಮಾನ್ಯ ವಾರ್ಡಿನ ಸ್ಥಿತಿ ಬದಲಾಗಿರಲಿಲ್ಲ. 1974ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ ಆಸ್ಪತ್ರೆಗಳೊಳಗೇ, ವೈದ್ಯರ ಕಣ್ಣೆದುರೇ ರೋಗಿಗಳು ಹಸಿವಿನಿಂದ ಸೊರಗುತ್ತಿದ್ದಾರೆಂದು ಬರೆದ ಲೇಖನ ಆ ವೃತ್ತಿಯ ಅಂತಃಸಾಕ್ಷಿಯನ್ನು ಕಲಕಿತು.

ಶಸ್ತ್ರಾಘಾತಕ್ಕೆ ದೇಹದ ಪ್ರತಿಕ್ರಿಯೆ

ಶಸ್ತ್ರವೈದ್ಯನ ಕತ್ತಿಯನ್ನೂ ಅಪಘಾತದ ಏಟನ್ನೂ ದೇಹ ಪ್ರತ್ಯೇಕಿಸಿ ನೋಡುವುದಿಲ್ಲ. ಎರಡರಲ್ಲಿಯೂ ಕಾರ್ಟಿಸಾಲ್, ಅಡ್ರಿನಲಿನ್, ಗ್ಲೂಕಗಾನ್ ಎಂಬ ಹಾರ್ಮೋನುಗಳು ಏರುತ್ತವೆ. ಉರಿಯೂತವನ್ನು ಪ್ರಚೋದಿಸುವ, ಸೈಟೊಕೈನ್ ಎಂದು ಕರೆಯಲಾಗುವ ಸಂದೇಶವಾಹಕ ಪ್ರೋಟೀನುಗಳು ರಕ್ತಕ್ಕೆ ಬಿಡುಗಡೆಯಾಗುತ್ತವೆ. ಇನ್ಸುಲಿನ್ ಇದ್ದರೂ ಅದರ ಮಾತಿಗೆ ಅಂಗಾಂಶಗಳು ಸರಿಯಾಗಿ ಓಗೊಡದ ಸ್ಥಿತಿ ಉಂಟಾಗುತ್ತದೆ. ಉಪವಾಸದಲ್ಲಿರುವ ಆರೋಗ್ಯವಂತನ ದೇಹವು ಕೆಲವು ದಿನಗಳಲ್ಲಿ ಖರ್ಚನ್ನು ತಗ್ಗಿಸಿಕೊಂಡು, ಕೊಬ್ಬನ್ನು ಉರಿಸುತ್ತ, ಸ್ನಾಯುವನ್ನು ಕಾಪಾಡಿಕೊಳ್ಳುವ ಉಪಾಯವನ್ನು ಕಂಡುಕೊಳ್ಳುತ್ತದೆ. ಆಘಾತಕ್ಕೊಳಗಾದ ದೇಹಕ್ಕೆ ಆ ಸೌಲಭ್ಯ ಇಲ್ಲ. ಅದು ಉಪವಾಸವಿರುವಾಗಲೂ ಹೆಚ್ಚು ಶಕ್ತಿ ವ್ಯಯಿಸುತ್ತದೆ, ಕೊಬ್ಬು ಧಾರಾಳವಾಗಿದ್ದರೂ ಸ್ನಾಯುವನ್ನೇ ಒಡೆಯುತ್ತದೆ.

ಇದಕ್ಕೆ ಕಾರಣ ದೇಹದ ದಾಸ್ತಾನಿನ ಸ್ವರೂಪದಲ್ಲಿದೆ. ಸಾಧಾರಣ ಮೈಕಟ್ಟಿನ ವಯಸ್ಕನಲ್ಲಿ ಹತ್ತು ಕಿಲೋ ದಾಟಿದ ಕೊಬ್ಬು ಇರುತ್ತದೆ, ಆದರೆ ಗ್ಲೈಕೊಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿ ಕೂಡಿಟ್ಟ ಶರ್ಕರ 100 ಗ್ರಾಂ ಆಸುಪಾಸಿನಷ್ಟು ಮಾತ್ರ; ಅದು ಒಂದು ದಿನದ ಉಪವಾಸಕ್ಕೇ ಬಹುಪಾಲು ಮುಗಿಯುತ್ತದೆ. ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು, ಕೊಬ್ಬಿನ ಆಮ್ಲಗಳಿಂದ ಗ್ಲೂಕೋಸ್ ತಯಾರಿಸುವ ದಾರಿ ಮನುಷ್ಯದೇಹಕ್ಕೆ ಗೊತ್ತಿಲ್ಲ. ಆಗ ಸ್ನಾಯು ಕರಗಿ ಬಿಡುಗಡೆಯಾದ ಅಮೈನೊ ಆಮ್ಲಗಳು ಯಕೃತ್ತಿಗೆ ಹೋಗಿ ಒಂದಷ್ಟು ಗ್ಲೂಕೋಸ್ ಆಗಿಯೂ, ಒಂದಷ್ಟು ಸೋಂಕಿನೊಡನೆ ಹೋರಾಡುವ ಪ್ರೋಟೀನುಗಳಾಗಿಯೂ, ಒಂದಷ್ಟು ಗಾಯವನ್ನು ಕೂಡಿಸುವ ಹೊಸ ಅಂಗಾಂಶವಾಗಿಯೂ ಮಾರ್ಪಡುತ್ತವೆ. ಕೊಬ್ಬಿಗೆ ಇರುವಂತೆ ಪ್ರೋಟೀನಿಗೆ ದೇಹದಲ್ಲಿ ಉಗ್ರಾಣವಿಲ್ಲ. ಇರುವ ಪ್ರತಿಯೊಂದು ಗ್ರಾಮೂ ಸ್ನಾಯು, ಕಿಣ್ವ, ಅಂಗ ಯಾವುದೋ ಒಂದಾಗಿ ಕೆಲಸದಲ್ಲಿರುತ್ತದೆ. ಮೂತ್ರದಲ್ಲಿ ಹೊರಹೋಗುವ ಒಂದು ಗ್ರಾಂ ಸಾರಜನಕವು 6.25 ಗ್ರಾಂ ಪ್ರೋಟೀನಿಗೆ, ಅಂದರೆ ನೀರೂ ಸೇರಿದಂತೆ ಸುಮಾರು 30 ಗ್ರಾಂ ಸ್ನಾಯುವಿಗೆ ಸಮ. ತೀವ್ರ ಗಾಯ ಅಥವಾ ರಕ್ತಕ್ಕೆ ಹರಡಿದ ಸೋಂಕಿನಲ್ಲಿ ದಿನಕ್ಕೆ 10ರಿಂದ 20 ಗ್ರಾಂ ಸಾರಜನಕ ನಷ್ಟವಾಗುವುದುಂಟು ಎಂದಾಗ, ಹಾಸಿಗೆಯಲ್ಲಿ ಮಲಗಿದ್ದಂತೆಯೇ ದಿನಕ್ಕೆ ಅರ್ಧ ಕಿಲೋಗೂ ಮಿಕ್ಕಿ ಮಾಂಸಖಂಡ ಇಳಿದುಹೋಗಬಹುದೆಂದು ಲೆಕ್ಕ. ಈ ನಷ್ಟ ಕೈಕಾಲುಗಳಿಗೆ ಸೀಮಿತವಾಗಿರದೆ ಉಸಿರಾಟದ ಸ್ನಾಯುಗಳಿಗೂ ತಟ್ಟುವುದರಿಂದ ರೋಗಿಗೆ ಗಟ್ಟಿಯಾಗಿ ಕೆಮ್ಮಿ ಕಫ ಹೊರಹಾಕಲಾಗದೆ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವನಿಗೆ ನ್ಯುಮೋನಿಯಾ ಬರಬಹುದು.

ಗಾಯ ಮಾಯುವಿಕೆ

ಹೊಲಿಗೆಯ ದಾರವು ಗಾಯದ ಎರಡು ಅಂಚುಗಳನ್ನು ಹತ್ತಿರ ಹಿಡಿದಿಡುತ್ತದೆಯೇ ಹೊರತು ಕೂಡಿಸುವುದಿಲ್ಲ. ಕೂಡಿಸುವುದು ಕೊಲಾಜನ್ ಎಂಬ ನಾರಿನಂಥ ಪ್ರೋಟೀನು. ಅದರ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳಬೇಕಾದರೆ ಸಿ ಜೀವಸತ್ತ್ವ ಮತ್ತು ಕಬ್ಬಿಣ ಎರಡೂ ಬೇಕು. 1939ರಲ್ಲಿ ಬಾಸ್ಟನ್ನಿನ ಯುವ ಶಸ್ತ್ರವೈದ್ಯ ಜಾನ್ ಕ್ರಾಂಡನ್ ಇದನ್ನು ತನ್ನ ಮೈಮೇಲೆಯೇ ಪರೀಕ್ಷಿಸಿಕೊಂಡ. ಸಿ ಜೀವಸತ್ತ್ವವಿಲ್ಲದ ಆಹಾರವನ್ನು ತಿಂಗಳುಗಟ್ಟಲೆ ಸೇವಿಸುತ್ತಿದ್ದ ಆತ ಮೂರು ತಿಂಗಳಾದಾಗ ಬೆನ್ನಿನ ಮೇಲೆ ಮಾಡಿಸಿಕೊಂಡ ಗಾಯ ಸರಿಯಾಗಿಯೇ ಮಾದಿತು. ಆರು ತಿಂಗಳಾದಾಗ ಮಾಡಿಸಿಕೊಂಡ ಗಾಯದಲ್ಲಿ ಹತ್ತು ದಿನಗಳ ಬಳಿಕ ನೋಡಿದರೆ ಮೇಲಿನ ಚರ್ಮ ಕೂಡಿದ್ದು, ಒಳಗೆ ಮಾಯುವಿಕೆಯ ಲಕ್ಷಣವೇ ಇರಲಿಲ್ಲ. ಬಳಿಕ ರಕ್ತನಾಳದ ಮೂಲಕ ಸಿ ಜೀವಸತ್ತ್ವ ಕೊಟ್ಟಾಗ ಮಾಯತೊಡಗಿತು. ಹೊರಗೆ ಚೆನ್ನಾಗಿ ಕಾಣುವ ಗಾಯ ಒಳಗೆ ಪೊಳ್ಳಾಗಿರಬಹುದೆಂಬ ಈ ಪಾಠ ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಇನ್ನೂ ಗಂಭೀರವಾದುದು. ಕತ್ತರಿಸಿ ಜೋಡಿಸಿದ ಕರುಳಿನ ಕೂಡುಜಾಗದಲ್ಲಿ ಮೊದಲ ಕೆಲವು ದಿನ ಹಳೆಯ ಕೊಲಾಜನ್ ಕರಗುವ ವೇಗವು ಹೊಸದು ಹುಟ್ಟುವ ವೇಗವನ್ನು ಮೀರಿರುವುದರಿಂದ, ಪೋಷಣೆ ಸಾಲದ ರೋಗಿಯಲ್ಲಿ ಅಲ್ಲಿಂದ ಸೋರಿಕೆಯಾಗಿ ಹೊಟ್ಟೆಯೊಳಗೆಲ್ಲ ಸೋಂಕು ಹರಡುವ ಅಪಾಯವಿರುತ್ತದೆ.

ಸತು, ಎ ಜೀವಸತ್ತ್ವ, ತಾಮ್ರ ಮೊದಲಾದವು ಸಹ ಕೋಶಗಳ ವಿಭಜನೆಗೂ ರೋಗನಿರೋಧಕ್ಕೂ ಅಗತ್ಯ. ಆದರೆ ಕೊರತೆ ಇದ್ದವರಿಗೆ ತುಂಬಿಕೊಟ್ಟರೆ ಗುಣ ಕಾಣುತ್ತದೆ, ಕೊರತೆ ಇಲ್ಲದವರಿಗೆ ಮಾತ್ರೆಯ ಮೇಲೆ ಮಾತ್ರೆ ಕೊಟ್ಟರೆ ಗಾಯ ಇನ್ನಷ್ಟು ಬೇಗ ಮಾಯುವುದಿಲ್ಲ ಎಂಬುದನ್ನು ಮರೆಯಬಾರದು. ರಕ್ತಹೀನತೆಯ ಪ್ರಶ್ನೆ ಭಾರತದಲ್ಲಿ ಬಹು ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನರು. ಗರ್ಭಕೋಶ ತೆಗೆಸಿಕೊಳ್ಳಲು ಅಥವಾ ಸಿಸೇರಿಯನ್ ಹೆರಿಗೆಗೆ ದಾಖಲಾಗುವ ಎಷ್ಟೋ ಹೆಂಗಸರು ರಕ್ತಹೀನತೆಯೊಡನೆಯೇ ಶಸ್ತ್ರಕ್ರಿಯೆಯ ಕೋಣೆಗೆ ಹೋಗುತ್ತಾರೆ; ಮುಂಚಿನ ನಾಲ್ಕಾರು ವಾರಗಳಲ್ಲಿ ಕಬ್ಬಿಣದ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಸರಿಪಡಿಸಬಹುದಾಗಿದ್ದುದನ್ನು ಕೊನೆಯ ಗಳಿಗೆಯಲ್ಲಿ ರಕ್ತ ಕೊಡಿಸಿ ತುಂಬಬೇಕಾಗುತ್ತದೆ.

ಶಸ್ತ್ರಕ್ರಿಯೆಗೆ ಮುನ್ನ

ಅಪಾಯದಲ್ಲಿರುವ ರೋಗಿಯನ್ನು ಗುರುತಿಸುವುದು ಮೊದಲ ಹೆಜ್ಜೆ. ಆರು ತಿಂಗಳಲ್ಲಿ ಮೈತೂಕದ ಶೇ. 10ರಿಂದ 15ಕ್ಕಿಂತ ಹೆಚ್ಚು ಇಳಿದಿರುವುದು, ದೇಹತೂಕ ಸೂಚ್ಯಂಕ 18.5ಕ್ಕಿಂತ ಕಡಿಮೆ ಇರುವುದು, ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಲೀಟರಿಗೆ 30 ಗ್ರಾಮಿಗಿಂತ ತಗ್ಗಿರುವುದು ಇವು ತೀವ್ರ ಅಪಾಯದ ಗುರುತುಗಳೆಂದು ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಇವುಗಳಲ್ಲಿ ಆಲ್ಬುಮಿನ್ನನ್ನು ಎಚ್ಚರದಿಂದ ಅರ್ಥೈಸಬೇಕು. ಉರಿಯೂತವಿದ್ದಾಗ ಊಟ ಚೆನ್ನಾಗಿದ್ದರೂ ಅದು ಇಳಿಯುತ್ತದೆ, ಆದ್ದರಿಂದ ಅದು ಕಾಯಿಲೆಯ ತೀವ್ರತೆಯ ಅಳತೆಯೇ ಹೊರತು ಊಟದ ಅಳತೆಯಲ್ಲ. ಟೊರಾಂಟೊದಲ್ಲಿ ಖುರ್ಷೀದ್ ಜೀಜೀಭಾಯ್ ಮತ್ತು ಸಹೋದ್ಯೋಗಿಗಳು ರೂಪಿಸಿ 1980ರ ದಶಕದಲ್ಲಿ ಪ್ರಚುರಪಡಿಸಿದ ವಿಧಾನದಲ್ಲಿ ರಕ್ತಪರೀಕ್ಷೆಯೇ ಇಲ್ಲ: ತೂಕ ಎಷ್ಟು ಇಳಿದಿದೆ, ಊಟ ಎಷ್ಟು ಸೇರುತ್ತಿದೆ, ವಾಂತಿ ಭೇದಿ ಇದೆಯೇ, ಓಡಾಡುವ ತ್ರಾಣ ಉಳಿದಿದೆಯೇ ಎಂದು ಕೇಳಿ, ಕಣ್ಣಿನ ಕೆಳಗಿನ ಹಾಗೂ ತೋಳಿನ ಹಿಂಬದಿಯ ಕೊಬ್ಬು, ಭುಜದ ಮಾಂಸ, ಪಾದದ ಬಾವು ಇವನ್ನು ಮುಟ್ಟಿ ನೋಡಿ ರೋಗಿಯನ್ನು ಮೂರು ದರ್ಜೆಗಳಲ್ಲಿ ಒಂದಕ್ಕೆ ಸೇರಿಸಲಾಗುತ್ತದೆ. ಸ್ಥೂಲಕಾಯರು ಈ ಜರಡಿಯಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ; ದಪ್ಪ ಮೈಯೊಳಗೆ ಸ್ನಾಯು ಸವೆದಿರುವ ಸ್ಥಿತಿ ಕಣ್ಣಿಗೆ ಬೀಳುವುದಿಲ್ಲ.

ತೀವ್ರ ಅಪೌಷ್ಟಿಕತೆ ಇದ್ದವರಲ್ಲಿ ಶಸ್ತ್ರಕ್ರಿಯೆಯನ್ನು 7ರಿಂದ 14 ದಿನ ಮುಂದೂಡಿ, ಅದು ಕ್ಯಾನ್ಸರಿನದಾಗಿದ್ದರೂ ಸರಿ, ಪೋಷಣೆ ನೀಡಬೇಕೆಂಬುದು ಈಗಿನ ಸಲಹೆ. ಎಲ್ಲರಿಗೂ ಇದು ಅನ್ವಯಿಸದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 395 ರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತನಾಳದ ಮೂಲಕ ಮುಂಚಿತವಾಗಿ ಪೋಷಣೆ ಪಡೆದವರಲ್ಲಿ ತೀವ್ರವಾಗಿ ಸೊರಗಿದ್ದವರಿಗೆ ಮಾತ್ರ ಲಾಭವಾಯಿತು; ಉಳಿದವರಲ್ಲಿ ಸೋಂಕುಗಳೇ ಹೆಚ್ಚಾದವು.

ಅರಿವಳಿಕೆಗೆ ಮುನ್ನ ಹೊಟ್ಟೆ ಖಾಲಿ ಇರಬೇಕೆಂಬ ನಿಯಮಕ್ಕೆ ಗಟ್ಟಿ ಕಾರಣವಿದೆ: ಪ್ರಜ್ಞೆ ತಪ್ಪಿದಾಗ ಜಠರದಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಹೆರಿಗೆಯ ಸಂದರ್ಭದಲ್ಲಿ ಹೀಗಾಗುವುದನ್ನು ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ವಿವರಿಸಿದ ಮೇಲೆ, ಮಧ್ಯರಾತ್ರಿಯ ನಂತರ ಏನೂ ಕೂಡದೆಂಬ ಕಟ್ಟಳೆ ಎಲ್ಲೆಡೆ ಬಿಗಿಯಾಯಿತು. ಆದರೆ ನೀರು, ಹಾಲಿಲ್ಲದ ಚಹಾ, ಸೋಸಿದ ಹಣ್ಣಿನ ರಸದಂಥ ತಿಳಿ ದ್ರವಗಳು ಆರೋಗ್ಯವಂತ ಜಠರವನ್ನು ಎರಡು ತಾಸಿನೊಳಗೆ ದಾಟಿಹೋಗುತ್ತವೆ. 1999ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘವು ತಿಳಿ ದ್ರವಕ್ಕೆ ಎರಡು ತಾಸು, ತಾಯಿಯ ಹಾಲಿಗೆ ನಾಲ್ಕು, ಲಘು ಆಹಾರಕ್ಕೆ ಆರು ತಾಸಿನ ಅಂತರ ಸಾಕೆಂದು ಹೇಳಿತು. ತಿಳಿ ದ್ರವದಲ್ಲಿ 50 ಗ್ರಾಮಿನಷ್ಟು ಶರ್ಕರಪಿಷ್ಟ ಬೆರೆಸಿ ಎರಡು ಮೂರು ತಾಸು ಮುಂಚೆ ಕುಡಿಸಿದರೆ ರೋಗಿ ಉಂಡವನ ಸ್ಥಿತಿಯಲ್ಲಿ ಶಸ್ತ್ರಕ್ರಿಯೆಗೆ ಹೋಗುತ್ತಾನೆ, ಇನ್ಸುಲಿನ್ನಿಗೆ ಅಂಗಾಂಶಗಳು ತೋರುವ ಪ್ರತಿರೋಧವೂ ಅಷ್ಟಾಗಿ ಏರುವುದಿಲ್ಲ. ಹೀಗಿದ್ದರೂ, ಬೆಳಗಿನ ಪಟ್ಟಿಯಲ್ಲಿ ಕೊನೆಯ ಹೆಸರಾಗಿರುವ ವೃದ್ಧರು ಹಿಂದಿನ ರಾತ್ರಿಯಿಂದ ಮಧ್ಯಾಹ್ನ ಮೂರು ಗಂಟೆಯವರೆಗೆ ಒಣಗಿದ ಬಾಯಿಯಲ್ಲಿ ಕಾಯುವುದು, ಕಡೆಗೆ ಶಸ್ತ್ರಕ್ರಿಯೆಯೇ ಮರುದಿನಕ್ಕೆ ಹೋಗಿ ಅದೇ ಉಪವಾಸ ಮರುಕಳಿಸುವುದು ಇಂದಿಗೂ ನಡೆದೇ ಇದೆ. ಮಧುಮೇಹ ದೀರ್ಘಕಾಲದಿಂದ ಇದ್ದು ಜಠರದ ಚಲನೆ ನಿಧಾನವಾದವರು, ಕರುಳು ಕಟ್ಟಿಕೊಂಡವರು, ತುರ್ತು ಶಸ್ತ್ರಚಿಕಿತ್ಸೆಯವರು ಈ ರಿಯಾಯಿತಿಗೆ ಒಳಪಡುವುದಿಲ್ಲ.

ಶಸ್ತ್ರಕ್ರಿಯೆಯ ಬಳಿಕ

ಹೊಟ್ಟೆಯ ಶಸ್ತ್ರಕ್ರಿಯೆಯ ನಂತರ ಕರುಳಿನ ಚಲನೆ ಕೆಲಕಾಲ ಸ್ತಬ್ಧವಾಗುತ್ತದೆ. ವಾಯು ಸರಿಯುವವರೆಗೆ ಬಾಯಿಗೆ ಏನೂ ಕೊಡಬಾರದೆಂಬ ಹಳೆಯ ಪದ್ಧತಿ ಹುಟ್ಟಿದ್ದು ಇದರಿಂದಲೇ. ವಸ್ತುತಃ ಸ್ತಬ್ಧತೆ ಎಲ್ಲ ಭಾಗಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಸಣ್ಣಕರುಳು ಒಂದು ದಿನದೊಳಗೆ, ಜಠರ ಒಂದೆರಡು ದಿನಗಳಲ್ಲಿ, ದೊಡ್ಡಕರುಳು ಎರಡು ಮೂರು ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ವಾಯು ಸರಿಯುವುದು ದೊಡ್ಡಕರುಳಿನ ಸೂಚನೆ, ಆಹಾರ ಹೀರುವುದು ಸಣ್ಣಕರುಳಿನ ಕೆಲಸ. ಕರುಳಿನ ಒಳಪದರದ ಕೋಶಗಳು ತಮ್ಮ ಪೋಷಣೆಯ ಒಂದು ಪಾಲನ್ನು ನೇರವಾಗಿ ಒಳಗೆ ಹರಿಯುವ ಆಹಾರದಿಂದಲೇ ಪಡೆಯುವುದರಿಂದ, ಕರುಳನ್ನು ಖಾಲಿ ಇಟ್ಟಷ್ಟೂ ಆ ಪದರ ತೆಳುವಾಗುತ್ತದೆ. 1990ರ ದಶಕದಲ್ಲಿ ಕೋಪನ್‌ಹೇಗನ್ನಿನ ಹೆನ್ರಿಕ್ ಕೆಲೆಟ್ ನೋವುನಿವಾರಣೆ, ಬೇಗ ಎದ್ದು ಓಡಾಡಿಸುವುದು, ಬೇಗ ಉಣ್ಣಿಸುವುದು ಇವನ್ನು ಒಟ್ಟುಗೂಡಿಸಿ ದೊಡ್ಡಕರುಳಿನ ಶಸ್ತ್ರಚಿಕಿತ್ಸೆಯಾದವರನ್ನು ಎರಡು ಮೂರು ದಿನಗಳಲ್ಲಿ ಮನೆಗೆ ಕಳಿಸಬಹುದೆಂದು ತೋರಿಸಿದ. ಅದನ್ನು ಆಧರಿಸಿ ಕೆನ್ ಫಿಯರನ್ ಮತ್ತು ಓಲೆ ಯುಂಗ್‌ಕ್ವಿಸ್ಟ್ 2001ರಲ್ಲಿ ಕಟ್ಟಿದ ತಜ್ಞರ ಬಳಗ ರೂಪಿಸಿದ ಕ್ರಮವೇ ಇಂದು ಇರಾಸ್ ಎಂಬ ಹೆಸರಿನಲ್ಲಿ ಜಗತ್ತಿನೆಲ್ಲೆಡೆ ಪ್ರಸಾರವಾಗಿದೆ. ಇದರಂತೆ ಬಹುತೇಕ ರೋಗಿಗಳು ಶಸ್ತ್ರಕ್ರಿಯೆಯಾದ ಕೆಲವೇ ತಾಸುಗಳಲ್ಲಿ ತಿಳಿ ದ್ರವವನ್ನೂ, ಸಹಿಸಿದಂತೆ ಮರುದಿನದಿಂದ ಊಟವನ್ನೂ ಆರಂಭಿಸಬಹುದು.

ರೋಗಿಯ ಕೈಗೆ ಹಚ್ಚಿದ ಗ್ಲೂಕೋಸ್ ಬಾಟಲಿ ಊಟದ ಬದಲಿಯೆಂದು ಬಂಧುಗಳು ಭಾವಿಸುವುದು ಸಾಮಾನ್ಯ. ಶೇ. 5ರ ಗ್ಲೂಕೋಸ್ ದ್ರಾವಣದ ಒಂದು ಲೀಟರಿನಲ್ಲಿ 50 ಗ್ರಾಂ ಸಕ್ಕರೆ, ಅಂದರೆ 170 ಕಿಲೋಕ್ಯಾಲರಿ ಇರುತ್ತದೆ. ಪ್ರೋಟೀನು ಒಂದು ಗ್ರಾಮೂ ಇರುವುದಿಲ್ಲ. 60 ಕಿಲೋ ತೂಕದ ರೋಗಿಗೆ ದಿನಕ್ಕೆ ಕಿಲೋಗೆ 25ರಿಂದ 30 ಕಿಲೋಕ್ಯಾಲರಿಯಂತೆ 1500ರಿಂದ 1800, ಪ್ರೋಟೀನು ಕಿಲೋಗೆ 1.5 ಗ್ರಾಮಿನಂತೆ 90 ಗ್ರಾಂ ಬೇಕು. ಇಂಥ ದ್ರಾವಣ ಮೂರು ಲೀಟರ್ ಹರಿಸಿದರೂ ಶಕ್ತಿಯ ಅಗತ್ಯದ ಮೂರನೆಯ ಒಂದು ಭಾಗ ಮಾತ್ರ ದೊರೆತಂತಾಯಿತು. ಬಾಯಿಂದ ಸಾಲದಾದಾಗ ಮೂಗಿನ ಮೂಲಕ ಜಠರಕ್ಕೋ ಸಣ್ಣಕರುಳಿಗೋ ಇಳಿಸಿದ ನಳಿಕೆ, ಕರುಳೇ ಕೆಲಸ ಮಾಡದಿದ್ದಾಗ ದೊಡ್ಡ ಅಭಿಧಮನಿಯ ಮೂಲಕ ಪೂರ್ಣ ಪೋಷಣೆ, ಇದು ಒಪ್ಪಿತವಾದ ಕ್ರಮ. ಎರಡನೆಯದರಲ್ಲಿ ಕೊಳವೆಯ ಸೋಂಕು, ಯಕೃತ್ತಿನ ತೊಂದರೆ ಇವು ಬರಬಹುದಾದ್ದರಿಂದ ಅದು ಕೊನೆಯ ಆಯ್ಕೆ.

ಬಹುದಿನ ಹಸಿದವನಿಗೆ ಒಮ್ಮೆಲೇ ಹೊಟ್ಟೆ ತುಂಬ ಕೊಡುವುದೂ ಅಪಾಯಕರ. ಇದ್ದಕ್ಕಿದ್ದಂತೆ ಏರಿದ ಇನ್ಸುಲಿನ್ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಕೋಶಗಳೊಳಗೆ ಸೆಳೆದುಕೊಂಡು ಹೃದಯದ ಬಡಿತವೇ ತಪ್ಪುವಂತೆ ಮಾಡಬಲ್ಲದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಸೆರೆಯಾಳುಗಳಲ್ಲಿ ಕಂಡ ಇಂಥ ಸಾವುಗಳಿಂದ ಈ ಸ್ಥಿತಿ ವೈದ್ಯರ ಗಮನಕ್ಕೆ ಬಂದಿತು. ಆದಕಾರಣ ಮೊದಲು ಥಯಮಿನ್ ಎಂಬ ಬಿ1 ಜೀವಸತ್ತ್ವವನ್ನು ಕೊಟ್ಟು, ಲವಣಾಂಶಗಳನ್ನು ದಿನವೂ ಅಳೆಯುತ್ತ, ಆಹಾರವನ್ನು ಹಂತಹಂತವಾಗಿ ಏರಿಸಲಾಗುತ್ತದೆ. ರಕ್ತದ ಸಕ್ಕರೆಯ ವಿಷಯದಲ್ಲಿಯೂ ಇಂಥದೇ ಮಿತಿ ಬೇಕು. ಸಕ್ಕರೆ ಏರಿದರೆ ಬಿಳಿ ರಕ್ತಕಣಗಳು ಮಂಕಾಗಿ ಗಾಯಕ್ಕೆ ಸೋಂಕು ತಗುಲುತ್ತದೆ. ಆದರೆ ಅದನ್ನು ತೀರ ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಸಾವು ಹೆಚ್ಚೆಂದು 6000ಕ್ಕೂ ಮಿಕ್ಕ ರೋಗಿಗಳ ಮೇಲೆ ತೀವ್ರ ನಿಗಾ ಘಟಕಗಳಲ್ಲಿ ನಡೆದ ಅಧ್ಯಯನ 2009ರಲ್ಲಿ ತೋರಿಸಿದ ಮೇಲೆ, ಅಂಥ ಘಟಕಗಳಲ್ಲಿ ಅದನ್ನು ಡೆಸಿಲೀಟರಿಗೆ 140ರಿಂದ 180 ಮಿಲಿಗ್ರಾಂ ನಡುವೆ ಇರಿಸುವುದು ರೂಢಿಯಾಗಿದೆ.

ಕನ್ನಡ ನಾಡಿನ ಪಥ್ಯ

ಕರ್ನಾಟಕದ ಅನೇಕ ಕಡೆಗಳಲ್ಲಿ ಹೊಲಿಗೆ ಹಾಕಿಸಿಕೊಂಡವರಿಗೆ ನಂಜಿನ ಪದಾರ್ಥ ಕೊಡಬಾರದೆಂಬ ನಂಬಿಕೆ ಬಲವಾಗಿದೆ. ಊರಿಂದೂರಿಗೆ, ಮನೆಯಿಂದ ಮನೆಗೆ ಪಟ್ಟಿ ಬದಲಾಗುತ್ತದಾದರೂ ಬದನೆಕಾಯಿಯ ಜೊತೆಗೆ ಮೊಟ್ಟೆ, ಮೀನು, ಬೇಳೆ, ಕಡಲೆಕಾಯಿ ಇವು ಅದರಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ಇವನ್ನು ತಿಂದರೆ ಗಾಯ ಕೀವಾಗುತ್ತದೆಂಬುದು ಕಾರಣ. ಕೀವು ಆಗುವುದು ರೋಗಾಣುಗಳಿಂದ, ಬೇಳೆಯಿಂದಲ್ಲ. ಬದನೆಕಾಯಿ ಬಿಟ್ಟರೆ ನಷ್ಟವಿಲ್ಲ, ಆದರೆ ಉಳಿದವೆಲ್ಲ ಬಡವರ ಕೈಗೆಟಕುವ ಪ್ರೋಟೀನಿನ ಮೂಲಗಳೇ ಆಗಿರುವುದರಿಂದ, ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಅವು ತಟ್ಟೆಯಿಂದ ಮಾಯವಾಗುತ್ತವೆ. ಸಿಸೇರಿಯನ್ ಆದ ಬಾಣಂತಿಗೆ ಮೆಣಸಿನ ಸಾರು, ಅನ್ನ ಮಾತ್ರ ಕೊಟ್ಟು ನೀರನ್ನೂ ಕಡಿತಗೊಳಿಸುವ ಮನೆಗಳಲ್ಲಿ ಗಾಯ ಮಾಯಬೇಕಾದ ದೇಹವೇ ಮಗುವಿಗೆ ಹಾಲನ್ನೂ ಉಣಿಸಬೇಕೆಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಮನೆಯಿಂದ ಕ್ಯಾರಿಯರಿನಲ್ಲಿ ಬರುವ ಗಂಜಿ ಮತ್ತು ಎಳನೀರು ರೋಗಿಯ ಆಹಾರವೆಂಬ ಭಾವನೆಯನ್ನು ಲೆಕ್ಕ ಹಾಕಿ ನೋಡಬೇಕು. 30 ಗ್ರಾಂ ಅಕ್ಕಿಯಿಂದ ಮಾಡಿದ ಒಂದು ಬಟ್ಟಲು ಗಂಜಿಯಲ್ಲಿ ನೂರು ಚಿಲ್ಲರೆ ಕಿಲೋಕ್ಯಾಲರಿ, ಎರಡು ಗ್ರಾಂ ಆಸುಪಾಸಿನ ಪ್ರೋಟೀನು ಇರುತ್ತದೆ. ನಾಲ್ಕು ಬಟ್ಟಲು ಕುಡಿದು ಎರಡು ಎಳನೀರು ಸೇರಿಸಿದರೂ ಶಕ್ತಿ 550 ಕಿಲೋಕ್ಯಾಲರಿ ದಾಟದು, ಪ್ರೋಟೀನು ಅಗತ್ಯದ ಹತ್ತನೆಯ ಒಂದು ಪಾಲಿನ ಸುತ್ತಮುತ್ತಲೇ ಉಳಿಯುತ್ತದೆ. ಮೊದಲ ದಿನಕ್ಕೆ ಗಂಜಿ ಒಳ್ಳೆಯದೇ. ಅದೇ ಐದನೆಯ ದಿನಕ್ಕೂ ಮುಂದುವರಿದರೆ ಅದು ಉಪವಾಸದ ಇನ್ನೊಂದು ಹೆಸರು. ಅದೇ ಅಡುಗೆಮನೆಯಿಂದ ಅರ್ಧ ಲೀಟರ್ ಹಾಲು, ಒಂದು ದೊಡ್ಡ ಬಟ್ಟಲು ಮೊಸರು, 75 ಗ್ರಾಂ ಬೇಳೆಯ ಗಟ್ಟಿ ಸಾರು, 100 ಗ್ರಾಂ ರಾಗಿಹಿಟ್ಟಿನ ಮುದ್ದೆ, 150 ಗ್ರಾಂ ಅಕ್ಕಿಯ ಅನ್ನ, ಒಂದು ಹಿಡಿ ಕಡಲೆಕಾಯಿ ಬೀಜ ಇವನ್ನು ದಿನದ ಆರು ಹೊತ್ತಿಗೆ ಹಂಚಿ ಕೊಟ್ಟರೆ ಪ್ರೋಟೀನು 60 ಗ್ರಾಂ ದಾಟಿ, ಶಕ್ತಿಯ ಅಗತ್ಯವೂ ಬಹುಪಾಲು ಪೂರೈಸುತ್ತದೆ. ಇದಕ್ಕೆ 30 ಗ್ರಾಂ ಸೋಯಾ ತುಣುಕು, ತಿನ್ನುವವರಿಗೆ ಎರಡು ಮೊಟ್ಟೆ ಸೇರಿದರೆ 90 ಗ್ರಾಮಿನ ಗುರಿ ಹತ್ತಿರವಾಗುತ್ತದೆ. ಒಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿ ಸಿ ಜೀವಸತ್ತ್ವದ ದಿನದ ಪಾಲನ್ನು ಪೂರೈಸಲು ಸಾಕು. ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ ಇದ್ದವರಿಗೆ, ಆಗಷ್ಟೇ ಕರುಳಿನ ಶಸ್ತ್ರಚಿಕಿತ್ಸೆ ಆದವರಿಗೆ ಈ ಪಟ್ಟಿಯನ್ನು ವೈದ್ಯರು ತಿದ್ದಿಕೊಡಬೇಕಾಗುತ್ತದೆ.

ಮನೆಗೆ ಮರಳಿದ ನಂತರ

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೂ ಕೆಲವು ವಾರಗಳ ಕಾಲ ಹಸಿವು ಮಂದವಾಗಿರುತ್ತದೆ, ಬಾಯಿರುಚಿ ಕೆಟ್ಟಿರುತ್ತದೆ, ನೋವಿನ ಮಾತ್ರೆಗಳಿಂದ ಮಲಬದ್ಧತೆಯೂ ಇರುತ್ತದೆ. ಕಳೆದುಹೋದ ಸ್ನಾಯು ಉಣ್ಣುವುದರಿಂದಷ್ಟೇ ಮರಳದು. ನಡಿಗೆ ಮತ್ತು ಕೈಕಾಲುಗಳ ವ್ಯಾಯಾಮವಿಲ್ಲದೆ ತಿಂದದ್ದು ಕೊಬ್ಬಾಗಿ ಸೇರುತ್ತದೆ. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಇದು ವಿಶೇಷವಾಗಿ ಮುಖ್ಯ, ಅವರ ಕಟ್ಟುಹಲ್ಲು ಆಸ್ಪತ್ರೆಯ ಗಡಿಬಿಡಿಯಲ್ಲಿ ಕಳೆದುಹೋಗಿಲ್ಲವೆಂಬುದನ್ನು ನೋಡಿಕೊಳ್ಳುವುದೂ ಪೋಷಣೆಯ ಭಾಗವೇ.

ಜಠರವನ್ನು ಪೂರ್ತಿ ತೆಗೆದವರಲ್ಲಿ ಬಿ12 ಜೀವಸತ್ತ್ವವನ್ನು ಹೀರಿಕೊಳ್ಳಲು ಬೇಕಾದ ಅಂಶವೇ ಉತ್ಪತ್ತಿಯಾಗುವುದಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ನಡೆಸುವುದರಿಂದ ಕೊರತೆ ಗೊತ್ತಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ನೆನಪೇ ಮಾಸಿರುತ್ತದೆ, ನರಗಳಿಗೆ ಹಾನಿಯೂ ತಗುಲಿರಬಹುದು. ಅಂಥವರಿಗೆ ಜೀವನಪರ್ಯಂತ ಚುಚ್ಚುಮದ್ದು ಅಥವಾ ಹೆಚ್ಚಿನ ಪ್ರಮಾಣದ ಮಾತ್ರೆ ಬೇಕು. ಸ್ಥೂಲಕಾಯಕ್ಕಾಗಿ ಜಠರವನ್ನು ಕಿರಿದುಗೊಳಿಸಿಕೊಂಡವರಲ್ಲಿ ಬಿ12ರ ಜೊತೆಗೆ ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ತ್ವ ಇವುಗಳ ಕೊರತೆಯೂ, ಮೊದಲ ತಿಂಗಳುಗಳಲ್ಲಿ ಬಿಡದೆ ವಾಂತಿಯಾದರೆ ಥಯಮಿನ್ ಕೊರತೆಯಿಂದ ಮಿದುಳಿನ ತೊಂದರೆಯೂ ಬರಬಹುದಾದ್ದರಿಂದ, ನಿಗದಿತ ಅವಧಿಯ ರಕ್ತಪರೀಕ್ಷೆಗಳು ಹೊಲಿಗೆ ಬಿಚ್ಚಿದ ಮೇಲೂ ವರ್ಷವರ್ಷವೂ ಮುಂದುವರಿಯುತ್ತವೆ.